ಹೂಂಗುಟ್ಟುವವರಿಲ್ಲದ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ಮಗನ ಸಂಸಾರದೊಡನೆ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಹೊರಟಿದ್ದೆ. ತುಮಕೂರು ದಾಟುವಷ್ಟರಲ್ಲಿ ಮೊಮ್ಮಕ್ಕಳಿಬ್ಬರ ಕಿತ್ತಾಟ ಆರಂಭವಾಯಿತು. ಸೊಸೆ ತನ್ನ ಮೊಬೈಲಿನಲ್ಲಿ ಒಂದು ಕಥೆಯನ್ನು ಹಚ್ಚಿದಳು. ಯಾರೋ ಒಬ್ಬಾಕೆ ಇಂಪಾದ ದನಿಯಲ್ಲಿ ಮಂಗ ಮತ್ತು ಮೊಸಳೆಯ ಕಥೆ ಹೇಳತೊಡಗಿದಳು. ಆರು ವರ್ಷದ ಮೊಮ್ಮಗಳು ನನ್ನ ತೋಳಿಗೆ ಒರಗಿ, ಮಾತುಮಾತಿಗೂ "ಹೂಂ" ಎನ್ನುತ್ತ ಹಾಗೆಯೇ ನಿದ್ದೆಹೋದಳು. ಅರಸೀಕೆರೆಯ ಬಳಿ ಅವಳಿಗೆ ಎಚ್ಚರವಾದಾಗ ಬೇರಾವುದೋ ಕಥೆ ನಡೆಯುತ್ತಿತ್ತು. ಕಣ್ಣುಜ್ಜಿಕೊಳ್ಳುತ್ತ ಕೇಳಿದಳು: "ಅಜ್ಜಾ, ನಾನು ಹೂಂ ಅನ್ನದೇ ಇದ್ರೂ ಕಥೆ ಯಾಕೆ ಮುಂದೆ ಹೋಯ್ತು?"

ಮೂರೂವರೆ ದಶಕ ಚರಿತ್ರೆ ಪಾಠ ಮಾಡಿದವನಿಗೆ ಈ ಪ್ರಶ್ನೆಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ, ಕೇಳುವ ಕಥೆಗಳ ಚರಿತ್ರೆಯೆಲ್ಲ ಆ ಒಂದು "ಹೂಂ" ಎಂಬ ಸದ್ದಿನ ಸುತ್ತಲೇ ಇದೆ ಎನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಂದಿರಾಗಿದ್ದೀರಿ. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವವರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ದಾರಿಯ ಬೇಸರ ಕಳೆಯಲು ಕಥೆ ಹೇಳುವುದು ಹೊಸತೇನಲ್ಲ. ವಿಕ್ರಮನ ಹೆಗಲೇರಿದ ಬೇತಾಳ ಕಥೆ ಹೇಳಿದ್ದು ಅದಕ್ಕಾಗಿಯೇ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಈ ಇಪ್ಪತ್ತೈದು ಕಥೆಗಳೂ ಸೇರಿವೆ. ಬೇತಾಳನ ಕಥೆ ಕೊನೆಗೆ ಬಂದು ನಿಲ್ಲುವುದು ಪ್ರಶ್ನೆಯೊಂದರ ಮುಂದೆ, ಕೇಳುಗನು ಉತ್ತರಿಸಲೇಬೇಕು. ಪಂಚತಂತ್ರದಲ್ಲಿಯೂ ಹಾಗೆಯೇ. ಒಂದು ಪ್ರಾಣಿ ಕಥೆಯ ಸುಳಿವು ಕೊಟ್ಟಾಗ ಇನ್ನೊಂದು "ಅದು ಹೇಗೆ?" ಎಂದು ಕೇಳಬೇಕು, ಆಮೇಲೆಯೇ ಒಳಗಿನ ಕಥೆ ತೆರೆದುಕೊಳ್ಳುವುದು. ಮಹಾಭಾರತವನ್ನು ವೈಶಂಪಾಯನನು ಹೇಳಿದ್ದು ಜನಮೇಜಯನು ಕೇಳಿದ್ದರಿಂದ. ನಮ್ಮ ಮನೆಗಳಲ್ಲಿ ಅಜ್ಜಿಯರು ಇದೇ ನಿಯಮವನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದರು. ಮಗು ಹೂಂಗುಟ್ಟಿದರೆ ಕಥೆ ಮುಂದುವರಿಯುವುದು. ಹೂಂ ನಿಂತರೆ ಮಗು ಮಲಗಿತೆಂದು ಹೊದಿಕೆ ಸರಿಮಾಡಿ ದೀಪ ಆರಿಸುವುದು.

ಯಂತ್ರ ಬಂದಾಗ ಈ ಒಪ್ಪಂದ ಮುರಿಯಿತು. 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ ತನ್ನ ಫೋನೋಗ್ರಾಫಿನಲ್ಲಿ ಮೊದಲು ನುಡಿದದ್ದು, ಆತನೇ ಹೇಳಿಕೊಂಡಂತೆ, ಕುರಿಮರಿಯ ಕುರಿತ ಒಂದು ಶಿಶುಗೀತೆ. ಯಂತ್ರದ ಮೊದಲ ಮಾತೇ ಮಕ್ಕಳದಾಯಿತು! ಆದರೆ ಕಥೆಗೆ ಅಲ್ಲಿ ಬಹುಕಾಲ ಜಾಗವಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ ಕಾಲದ ಗ್ರಾಮಾಫೋನ್ ತಟ್ಟೆಗಳಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಮೂರು ನಿಮಿಷದಲ್ಲಿ ಯಾವ ರಾಜಕುಮಾರ ಏಳು ಸಮುದ್ರ ದಾಟಿಯಾನು?

ದೀರ್ಘವಾದ ಓದು ತಟ್ಟೆಗೆ ಇಳಿದದ್ದು ಅಂಧರ ಸಲುವಾಗಿ. ಅಮೆರಿಕದಲ್ಲಿ 1934ರಿಂದ ಅಂಧರಿಗಾಗಿ 'ಮಾತನಾಡುವ ಪುಸ್ತಕ'ಗಳು ಹೊರಬಂದವು. ನಿಧಾನವಾಗಿ ತಿರುಗುವ ಆ ತಟ್ಟೆಗಳ ಒಂದೊಂದು ಮಗ್ಗುಲಿನಲ್ಲಿ ಸುಮಾರು ಹದಿನೈದು ನಿಮಿಷದ ಓದು ಇರುತ್ತಿತ್ತು. ಇಂದು ನಮ್ಮ ಮಕ್ಕಳು ಕಾರಿನಲ್ಲಿ ಕೇಳುವ ಕಥೆಗಳ ವಂಶಾವಳಿಯನ್ನು ಹುಡುಕಿದರೆ ಹಿರಿಯರ ಸಾಲಿನಲ್ಲಿ ಈ ತಟ್ಟೆಗಳು ಸಿಗುತ್ತವೆ.

ಮರುವರ್ಷವೇ, ಅಂದರೆ 1935ರಲ್ಲಿ, ನಮ್ಮ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್, ಮನೆಯ ಬಲ್ಬಿನಷ್ಟು. ಅದಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು.

ಬಾನುಲಿಯ ಕಥೆಗಾರರಿಗೆ ಹೂಂಗುಟ್ಟುವವರಿಲ್ಲದ ಕೊರತೆ ಅರಿವಾಗಿದ್ದಿರಬೇಕು. 1950ರಲ್ಲಿ ಬಿಬಿಸಿ ಎಳೆಯ ಮಕ್ಕಳಿಗಾಗಿ ಆರಂಭಿಸಿದ, ತಾಯಿಯೊಡನೆ ಕುಳಿತು ಕೇಳುವ ಕಾರ್ಯಕ್ರಮವೊಂದು 1982ರವರೆಗೆ ನಡೆಯಿತು. ಕಥೆ ಹೇಳುವಾಕೆ ಮೊದಲು, ನೆಮ್ಮದಿಯಾಗಿ ಕುಳಿತಿರಾ ಎಂದು ಮಕ್ಕಳನ್ನು ವಿಚಾರಿಸಿ, ಆಮೇಲೆ ಕಥೆಗೆ ತೊಡಗುತ್ತಿದ್ದಳು. ಅದು ಕಾಣದ ಮಕ್ಕಳಿಂದ ಹೂಂ ಬೇಡುವ ಉಪಾಯವಲ್ಲದೆ ಇನ್ನೇನು?

ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾದಾಗ ನಾನು ಸಣ್ಣ ಹುಡುಗ. ಕೆಲವು ವರ್ಷಗಳ ತರುವಾಯ ನಮ್ಮ ಮನೆಗೂ ಟ್ರಾನ್ಸಿಸ್ಟರ್ ಬಂತು. ನಮ್ಮ ಅಮ್ಮ ರೇಡಿಯೋ ನಾಟಕಕ್ಕೂ ಹೂಂಗುಟ್ಟುತ್ತಿದ್ದರು. ನಾವು ನಗುತ್ತಿದ್ದೆವು. "ಹೇಳುವವರಿಗೆ ಬೇಜಾರಾಗಬಾರದಲ್ಲ" ಎನ್ನುವುದು ಅವರ ಸಮಾಧಾನ.

ಕಥೆಯನ್ನು ನಿಜವಾಗಿ ಪ್ರವಾಸಕ್ಕೆ ಹೊರಡಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ಹಬ್ಬಿದ್ದು ಎಂಬತ್ತರ ದಶಕದಲ್ಲಿ. ಗುರುರಾಜುಲು ನಾಯ್ಡು ಅವರ ಹರಿಕಥೆ, ಕರಾವಳಿಯ ತಾಳಮದ್ದಳೆ ಎಲ್ಲವೂ ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ಬಂದವು. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕಾಗಿದ್ದುದರಿಂದ ಅಲ್ಲಿ ಒಂದಿಷ್ಟು ವಿರಾಮವಾದರೂ ಇತ್ತು; ಮಕ್ಕಳು ಆಗ ಪ್ರಶ್ನೆ ಕೇಳುತ್ತಿದ್ದರು. ಇಂದಿನ ಮೊಬೈಲಿಗೆ ಆ ಬಿಡುವೂ ಬೇಡ. ಒಂದು ಕಥೆ ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗುತ್ತದೆ.

ಇಷ್ಟು ಚರಿತ್ರೆ ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು.

1993ರ ಮೇ ತಿಂಗಳಲ್ಲಿ ಬಾಡಿಗೆ ವ್ಯಾನು ಮಾಡಿಕೊಂಡು ಮನೆಮಂದಿಯೆಲ್ಲ ಆಗುಂಬೆಯ ಮಾರ್ಗವಾಗಿ ಉಡುಪಿಗೆ ಹೋಗಿದ್ದೆವು. ನನ್ನ ಮಗಳಿಗೆ ಏಳು, ಮಗನಿಗೆ ಐದು ವರ್ಷ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಕ್ಕಳು ಗಲಾಟೆ ಮಾಡದಿರಲೆಂದು ಕಥೆಯ ಕ್ಯಾಸೆಟ್ಟುಗಳನ್ನೂ ಹೊಸ ಟೂ-ಇನ್-ಒನ್ನನ್ನೂ ಜೊತೆಗೆ ಒಯ್ದಿದ್ದೆ. ಮಕ್ಕಳ ನಡುವೆ ಕುಳಿತ ಅಮ್ಮ ಏಳು ಜನ ಸೊಸೆಯರ ಕಥೆ ಆರಂಭಿಸಿದ್ದರು. "ಅಮ್ಮಾ, ನೀನು ಸುಮ್ಮನೆ ಆಯಾಸ ಮಾಡಿಕೊಳ್ಳಬೇಡ, ಇದು ಹೇಳ್ತದೆ" ಎಂದು ಕ್ಯಾಸೆಟ್ಟು ಹಾಕಿದೆ. ಅಮ್ಮ ಮಾತಿಲ್ಲದೆ ಕಥೆ ನಿಲ್ಲಿಸಿದರು. ಸೋಮೇಶ್ವರ ತಲಪುವವರೆಗೂ ಆ ಯಂತ್ರಕ್ಕೆ ಅವರೇ ಹೂಂಗುಟ್ಟುತ್ತ ಕುಳಿತಿದ್ದರು. ಅಮ್ಮನ ಆಯಾಸ ತಪ್ಪಿಸಿದೆನೆಂದು ನಾನಂದುಕೊಂಡೆ. ಆ ಯಂತ್ರದಲ್ಲಿ ಧ್ವನಿ ಮುದ್ರಿಸಿಕೊಳ್ಳುವ ಕೆಂಪು ಗುಂಡಿಯೂ ಇತ್ತು. ಒಂದು ದಿನವೂ ಅದನ್ನು ಅಮ್ಮನ ಮುಂದೆ ಒತ್ತಲಿಲ್ಲ. ಮೂರು ವರ್ಷಗಳ ನಂತರ ಅಮ್ಮ ತೀರಿಕೊಂಡರು.

ಕನ್ನಡದ ಹೆಂಗಸರು ಅಡುಗೆಮನೆಗಳಲ್ಲಿ ಹೇಳುತ್ತಿದ್ದಂಥ ಕಥೆಗಳನ್ನು ದಶಕಗಳ ಕಾಲ ಸಂಗ್ರಹಿಸಿದ ಎ. ಕೆ. ರಾಮಾನುಜನ್ ಅವರು ತೀರಿಕೊಂಡದ್ದೂ ಅದೇ 1993ರಲ್ಲಿ. ಅವರ ಸಂಕಲನ ಇಂಗ್ಲಿಷಿನಲ್ಲಿ ಹೊರಬಂದದ್ದು 1997ರಲ್ಲಿ. ಆ ಪುಸ್ತಕವನ್ನು ಓದಿದಾಗ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಚಿಕಾಗೋದಲ್ಲಿದ್ದ ವಿದ್ವಾಂಸರು ಕಥೆಗಳನ್ನು ಹುಡುಕಿಕೊಂಡು ಬಂದಿದ್ದರು. ಚರಿತ್ರೆಯ ಮೇಷ್ಟರಾದ ನಾನು ಮಾತ್ರ ಮನೆಯಲ್ಲಿದ್ದ ಆಕರವನ್ನೇ ಸುಮ್ಮನಿರಿಸಿದ್ದೆ.

ಯಂತ್ರದ ಕಥೆ ಬೇಡವೆಂದು ನಾನು ಹೇಳುತ್ತಿಲ್ಲ. ದೂರದ ಪಯಣದಲ್ಲಿ ಪರದೆ ನೋಡುತ್ತ ಮಕ್ಕಳು ತಲೆಸುತ್ತು ಬರಿಸಿಕೊಳ್ಳುವುದಕ್ಕಿಂತ ಕಿವಿಯಿಂದ ಕೇಳಿ ಮನಸ್ಸಿನಲ್ಲಿ ಚಿತ್ರ ಬರೆದುಕೊಳ್ಳುವುದು ಎಷ್ಟೋ ಮೇಲು. ಆದರೆ ಮಕ್ಕಳ ಕಿವಿಗೆ ಪ್ರತ್ಯೇಕ ಇಯರ್‌ಫೋನ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಎಲ್ಲರೂ ಒಟ್ಟಿಗೆ ಕೇಳಿ. ನಡುವೆ ನಿಲ್ಲಿಸಿ, ಮುಂದೇನಾದೀತೆಂದು ಕೇಳಿ. ಮೊಸಳೆ ಮಾಡಿದ್ದು ಸರಿಯೇ ಎಂದು ಜಗಳವಾಡಲು ಬಿಡಿ. ಕಡೂರಿನಿಂದ ಮುಂದೆ ನಾವೂ ಒಂದು ನಿಯಮ ಮಾಡಿದೆವು: ಯಾರೂ ಹೂಂ ಎನ್ನದಿದ್ದರೆ ಸೊಸೆ ಕಥೆಯನ್ನು ನಿಲ್ಲಿಸಬೇಕು. ಶಿವಮೊಗ್ಗ ಬರುವಷ್ಟರಲ್ಲಿ ಕಾರು ನಡೆಸುತ್ತಿದ್ದ ಮಗನೂ ಹೂಂಗುಟ್ಟುತ್ತಿದ್ದ.

ಊರು ಸೇರಿದ ರಾತ್ರಿ ನಾನು ಅಮ್ಮನ ಏಳು ಸೊಸೆಯರ ಕಥೆಯನ್ನು ಮೊಮ್ಮಕ್ಕಳಿಗೆ ಹೇಳತೊಡಗಿದೆ. ಮಗ ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡ. ಕಿರಿಯ ಸೊಸೆ ಒಲೆಗೆ ಹಾಕಲಿದ್ದ ಸೌದೆಯಲ್ಲಿ ಹಾವಿನ ಮರಿಯನ್ನು ಕಂಡು, ಉಳಿಸಿ, ಬಚ್ಚಿಟ್ಟು ಹಾಲೆರೆಯುತ್ತಾಳೆ. ಅತ್ತೆಗೆ ತಿಳಿದು ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ಮಗಳಿಗೆ ಫೋನು ಮಾಡಿದೆ; ಅವಳಿಗೂ ನೆನಪಿಲ್ಲ. ಮುದ್ರಿಕೆಯ ಕೊನೆಯಲ್ಲಿ ಮೊಮ್ಮಗಳ ದನಿ ಮಾತ್ರ ಇದೆ: "ಹೂಂ... ಹೂಂ... ಆಮೇಲೆ?"

ಬಂಧುಗಳಲ್ಲಿ ಯಾರಾದರೂ ಅಮ್ಮನ ಬಾಯಿಂದ ಈ ಕಥೆಯನ್ನು ಕೊನೆಯವರೆಗೆ ಕೇಳಿದ್ದರೆ ದಯವಿಟ್ಟು ಬರೆದು ತಿಳಿಸಿ. ಬರುವ ದಸರಾ ರಜೆಗೆ ಮಕ್ಕಳು ಮತ್ತೆ ಬರುತ್ತಾರೆ.