ಕರಟಕನಿಗೆ ಕಿರೀಟ ಬಂದ ಬಗೆ

ಕರಟಕ, ದಮನಕ ಎಂಬ ನರಿಗಳ ಹೆಸರು ಕೇಳದ ಕನ್ನಡಿಗರು ವಿರಳ. ಸಿಂಹಕ್ಕೂ ಎತ್ತಿಗೂ ಬೆಳೆದ ಸ್ನೇಹವನ್ನು ಮುರಿಯಲು ಹೊಂಚುವವನು ದಮನಕ. ನಮಗೇಕೆ ಈ ಉಸಾಬರಿ ಎಂದು ತಡೆಯುವವನು ಕರಟಕ. ಪಂಚತಂತ್ರದ ಮೊದಲ ತಂತ್ರ ನಡೆಯುವುದೇ ಇವರಿಬ್ಬರ ಮಾತಿನ ಮೇಲೆ. ಇದೇ ನರಿಗಳು 900 ವರ್ಷಗಳ ಹಿಂದೆ ಗ್ರೀಕ್ ಭಾಷೆಗೆ ಹೋದಾಗ ಅವುಗಳ ಹೆಸರು ‘ಸ್ಟೆಫನೀಟಿಸ್’ ಮತ್ತು ‘ಇಖ್ನಿಲಾಟಿಸ್’ ಎಂದಾಯಿತು. ಮೊದಲನೆಯದರ ಅರ್ಥ ಕಿರೀಟ ತೊಟ್ಟವನು. ಎರಡನೆಯದರದು ಹೆಜ್ಜೆಯ ಜಾಡು ಹಿಡಿಯುವವನು. ಸಂಸ್ಕೃತದಲ್ಲಿ ‘ಕರಟ’ ಎಂದರೆ ಕಾಗೆ, ‘ದಮನ’ ಎಂದರೆ ಅಡಗಿಸುವುದು. ಕಾಗೆಯ ಹೆಸರಿನವನಿಗೆ ಕಿರೀಟ ಎಲ್ಲಿಂದ ಬಂತು?

ಉತ್ತರ ಸಿಗುವುದು ಕಥೆ ಸಾಗಿದ ದಾರಿಯಲ್ಲಿ. ಆರನೆಯ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೋ ಅನೂಶಿರ್ವಾನನ ಆಸ್ಥಾನದ ವೈದ್ಯ ಬುರ್ಜೋಯ್ ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದ. ಆ ಪುಸ್ತಕ ಇಂದು ಉಳಿದಿಲ್ಲ. ಆದರೆ ಅದನ್ನು ಆಧರಿಸಿ ಸುಮಾರು 570ರಲ್ಲಿ ಸಿದ್ಧವಾದ ಸಿರಿಯಾಕ್ ಅನುವಾದದ ಹೆಸರು ‘ಕಲೀಲಗ್ ಮತ್ತು ದಮ್ನಗ್’. ಕರಟಕನ ರಕಾರ ಲಕಾರವಾಗಿದೆ, ಕೊನೆಯ ‘ಕ’ ಮೆತ್ತಗಾಗಿ ‘ಗ್’ ಆಗಿದೆ. ಆದರೂ ಗುರುತು ಸಿಗುತ್ತದೆ. ಸುಮಾರು 750ರಲ್ಲಿ ಇಬ್ನ್ ಅಲ್ ಮುಕಫ್ಫ ಅರಬ್ಬಿಗೆ ಇಳಿಸಿದಾಗ ಆ ಬಾಲವೂ ಉದುರಿ ‘ಕಲೀಲಾ ಮತ್ತು ದಿಮ್ನಾ’ ಉಳಿಯಿತು.

ಇಲ್ಲಿಯವರೆಗೆ ಸವೆದದ್ದು ಹೆಸರಿನ ಉಚ್ಚಾರ ಮಾತ್ರ. ಹೆಸರಿಗೆ ಅರ್ಥ ಹಚ್ಚಿದವನು ಆಂಟಿಯೋಕ್ ಮೂಲದ ವಿದ್ವಾಂಸ ಸಿಮಿಯೋನ್ ಸೇತ್. ಆಹಾರ ಪದಾರ್ಥಗಳ ಗುಣಗಳ ಮೇಲೂ ಪುಸ್ತಕ ಬರೆದ ಈತ, ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಬೈಜಾಂಟಿಯಂ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನಿನೋಸನಿಗಾಗಿ ಅರಬ್ಬಿಯಿಂದ ಗ್ರೀಕ್ ಅನುವಾದ ಮಾಡಿದ. ‘ಕಲೀಲಾ’ ಎಂಬುದು ಅವನ ಕಿವಿಗೆ ‘ಇಕ್ಲೀಲ್’ ಎಂಬ ಅರಬ್ಬಿ ಪದದಂತೆ ಕೇಳಿಸಿರಬೇಕು. ಇಕ್ಲೀಲ್ ಎಂದರೆ ಕಿರೀಟ, ಗ್ರೀಕಿನಲ್ಲಿ ‘ಸ್ಟೆಫಾನೋಸ್’. (ನಮ್ಮ ನೆರೆಹೊರೆಯ ಸ್ಟೀಫನ್‌ಗಳ ಹೆಸರೂ ಇದೇ ಬೇರಿನದು.) ‘ದಿಮ್ನಾ’ ಎಂದರೆ ಬಿಡಾರ ಎತ್ತಿದ ಜಾಗದಲ್ಲಿ ಉಳಿಯುವ ಸಗಣಿ, ಬೂದಿಯ ಗುರುತು. ಗುರುತು ಎಂದೊಡನೆ ಹೆಜ್ಜೆ ಗುರುತು, ಅದರ ಹಿಂದೆ ಹೋಗುವ ಬೇಟೆಗಾರ. ಹೀಗೆ ಇಖ್ನಿಲಾಟಿಸ್ ಹುಟ್ಟಿದ.

ಪದದ ಮೂಲ ಹುಡುಕುವವನ ದೃಷ್ಟಿಯಲ್ಲಿ ಇದು ತಪ್ಪೇ. ಅರಬ್ಬಿಯದಲ್ಲದ ಹೆಸರಿಗೆ ಅರಬ್ಬಿ ನಿಘಂಟು ತೆರೆದಂತಾಯಿತು. ಆದರೆ ಸಂಚುಗಾರ ನರಿಗೆ ಜಾಡು ಹಿಡಿಯುವವ ಎಂಬ ಹೆಸರು ಒಪ್ಪುವುದಿಲ್ಲವೇ? ನಷ್ಟವಾದದ್ದು ಬೇರೆ ಕಡೆ. ಗ್ರೀಕ್ ಓದುಗನ ಪಾಲಿಗೆ ಆ ಹೆಸರುಗಳಲ್ಲಿ ಭಾರತದ ಸದ್ದೇ ಇಲ್ಲದಾಯಿತು.

ಬದಲಾದದ್ದು ಹೆಸರಷ್ಟೇ ಅಲ್ಲ. ನಮ್ಮ ದಮನಕ ಎತ್ತನ್ನು ಕೊಲ್ಲಿಸಿ ಸುಖವಾಗಿ ಮಂತ್ರಿಯಾಗಿಯೇ ಉಳಿಯುತ್ತಾನೆ. ಅರಬ್ಬಿಯಲ್ಲಿ ಅವನ ವಿಚಾರಣೆಗೇ ಒಂದು ಅಧ್ಯಾಯ ಸೇರಿಕೊಂಡಿತು. ಅಪರಾಧ ಸಾಬೀತಾಗಿ ಅವನು ಸಾಯುತ್ತಾನೆ. ರಾಜನೀತಿಯ ಪುಸ್ತಕಕ್ಕೆ ನ್ಯಾಯಾಲಯ ಅಂಟಿಸಿದ್ದು ಈ ಲೇಖಕನಿಗಂತೂ ಅಷ್ಟು ರುಚಿಸುವುದಿಲ್ಲ.

ಸೇತ್‌ಗಿಂತ ಸುಮಾರು ಅರ್ಧ ಶತಮಾನ ಮೊದಲೇ, 1031ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಿದ್ದ. ಅವನ ಮುಂದಿದ್ದದ್ದು ವಸುಭಾಗಭಟ್ಟನ ಸಂಸ್ಕೃತ ಪಾಠ. ಸೇತ್‌ಗೆ ಅದೇ ಕಥೆ ಸಿಕ್ಕಿದ್ದು ಎರಡು ಭಾಷೆಗಳನ್ನು ದಾಟಿದ ಮೇಲೆ.

ಗ್ರೀಕ್ ಪುಸ್ತಕ ಮುಂದೆ ಸ್ಲಾವ್ ಭಾಷೆಗೂ ಲ್ಯಾಟಿನ್ನಿಗೂ ಹೋಯಿತು. ಪಂಚತಂತ್ರ ಪಶ್ಚಿಮಕ್ಕೆ ಸಾಗಿದ ಹಾದಿಯನ್ನು 1859ರಲ್ಲಿ ವಿಸ್ತಾರವಾಗಿ ಗುರುತಿಸಿದವನು ಜರ್ಮನಿಯ ಥಿಯೊಡೋರ್ ಬೆನ್ಫಿ. 1876ರಲ್ಲಿ ಆ ಸಿರಿಯಾಕ್ ಪ್ರತಿ ಅಚ್ಚಾದಾಗ ಕರಟಕನಿಗೂ ಕಲೀಲಾಗೂ ನಡುವಿನ ಕೊಂಡಿ ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ಗ್ರೀಕರಿಗೆ ಇದೇ ನರಿಗಳು ನೇರ ದಾರಿಯಲ್ಲೂ ಸಿಕ್ಕಿದ್ದವು. ಅಥೆನ್ಸ್‌ನಲ್ಲಿ ಹುಟ್ಟಿದ ದಿಮಿತ್ರಿಯೋಸ್ ಗಲಾನೋಸ್ ಕಲ್ಕತ್ತೆಗೆ ಶಿಕ್ಷಕನಾಗಿ ಬಂದು, ಆಮೇಲೆ ಕಾಶಿಯಲ್ಲಿ ನೆಲೆಸಿ, ಸಂಸ್ಕೃತ ಕಲಿತು, 1833ರಲ್ಲಿ ಅಲ್ಲಿಯೇ ತೀರಿಕೊಂಡ. ಪಂಚತಂತ್ರದ ಕಥೆಗಳನ್ನೇ ಹೆಣೆದುಕೊಂಡ ಹಿತೋಪದೇಶವನ್ನು ಅವನು ಸಂಸ್ಕೃತದಿಂದಲೇ ಗ್ರೀಕಿಗೆ ತಂದಿದ್ದ. ಅದು 1851ರಲ್ಲಿ ಅಥೆನ್ಸ್‌ನಲ್ಲಿ ಅಚ್ಚಾಯಿತು. ಈ ಬಾರಿ ‘ಹಿತೋಪದೇಶ’, ‘ಪಂಚತಂತ್ರ’ ಎಂಬ ಹೆಸರುಗಳು ಯಾವ ಅರ್ಥಾಂತರವೂ ಇಲ್ಲದೆ ಗ್ರೀಕ್ ಅಕ್ಷರಗಳಲ್ಲೇ ಮುಖಪುಟದ ಮೇಲೆ ಕುಳಿತವು.