ಬೈಕ್, ಸ್ಕೂಟರ್ ಟೈರ್ ಮನೆಯಲ್ಲೇ ಬದಲಿಸೋದು, ಬ್ಯಾಲೆನ್ಸ್ ಮಾಡೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಹಾಸನ: ಮಳೆಗಾಲ ಶುರುವಾದ್ರೆ ಸಕಲೇಶಪುರ, ಶಿರಾಡಿ ಘಾಟ್ ಕಡೆ ಓಡಾಡುವ ಬೈಕ್ ಸವಾರರಿಗೆ ಸವೆದ ಟೈರೇ ಮೊದಲ ಶತ್ರು. ಹಳ್ಳಿ ಕಡೆ ಇರುವವರಿಗೆ ಪಂಕ್ಚರ್ ಅಂಗಡಿ ಯಾವಾಗಲೂ ತೆರೆದಿರುತ್ತೆ ಅಂತ ಹೇಳೋಕಾಗಲ್ಲ. ಸ್ವಲ್ಪ ತಾಳ್ಮೆ ಇದ್ರೆ ಈ ಕೆಲಸ ಮನೆಯಲ್ಲೇ ಆಗುತ್ತೆ. ಆದರೆ ಟೈರ್ ಹಾಕೋದಕ್ಕಿಂತ ಚಕ್ರವನ್ನು ವಾಪಸ್ ಸರಿಯಾಗಿ ಕೂರಿಸೋದೇ ಮುಖ್ಯ. ಜೀವಕ್ಕೆ ಅಪಾಯ ಆಗೋದು ಅಲ್ಲೇ.

ಯಾವಾಗ ಬದಲಿಸಬೇಕು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರು ಕನಿಷ್ಠ 0.8 ಮಿ.ಮೀ. ಆಳ ಇರಬೇಕು. ಗೀರಿನ ಒಳಗೆ ಸಣ್ಣ ರಬ್ಬರ್ ದಿಬ್ಬ ಇರುತ್ತೆ. ಟೈರ್ ಆ ಮಟ್ಟಕ್ಕೆ ಸವೆದಿದ್ರೆ ಬದಲಿಸಲೇಬೇಕು. ಪಕ್ಕದಲ್ಲಿ ಬಿರುಕು ಬಿಟ್ಟಿದ್ರೆ, ಉಬ್ಬಿದ್ರೆ ಗೀರು ಇದ್ದರೂ ಓಡಿಸಬೇಡಿ.

ಹೊಸದು ಕೊಳ್ಳುವಾಗ ಹಳೆ ಟೈರಿನ ಮೇಲಿನ ಸೈಜೇ ಕೇಳಿ. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆ ನೋಡಿ. 2324 ಅಂತ ಇದ್ರೆ 2024ರ 23ನೇ ವಾರ ತಯಾರಾಗಿದ್ದು ಅಂತ ಅರ್ಥ.

ಮೊದಲು ರಿಮ್ ನೋಡಿ

ಕಡ್ಡಿ ರಿಮ್ ಆದ್ರೆ ಸಾಮಾನ್ಯವಾಗಿ ಒಳಗೆ ಟ್ಯೂಬ್ ಇರುತ್ತೆ. ಅಲಾಯ್ ರಿಮ್ ಹೆಚ್ಚಾಗಿ ಟ್ಯೂಬ್‌ಲೆಸ್. ಹಳೆ ಬಜಾಜ್ ಚೇತಕ್ ಥರದ ಸ್ಕೂಟರ್‌ಗಳಲ್ಲಿ ಎರಡು ಭಾಗ ನಟ್ ಹಾಕಿ ಜೋಡಿಸಿದ ರಿಮ್ ಇರುತ್ತೆ. ಇದಕ್ಕೆ ಲಿವರ್ ಬೇಡ, ಕೆಲಸ ಸುಲಭ. ಆದರೆ ಗಾಳಿ ಪೂರ್ತಿ ಬಿಡದೆ ಆ ನಟ್ ಬಿಚ್ಚಿದ್ರೆ ರಿಮ್ ಸಿಡಿದು ಮುಖಕ್ಕೇ ಹೊಡೆಯಬಹುದು. ಎಚ್ಚರ.

ಬೇಕಾದ ಸಾಮಾನು

ಸರಿಯಾದ ಅಳತೆಯ ಸ್ಪ್ಯಾನರ್, ಎರಡು-ಮೂರು ಟೈರ್ ಲಿವರ್, ವಾಲ್ವ್ ಪಿನ್ ತೆಗೆಯೋ ಕೀ, ಸೋಪು ನೀರು, ಪಂಪ್, ಗಾಳಿ ಅಳೆಯೋ ಗೇಜ್. ಸ್ಕ್ರೂಡ್ರೈವರ್‌ನಲ್ಲಿ ಟೈರ್ ಎಬ್ಬಿಸೋಕೆ ಹೋಗಬೇಡಿ, ಟ್ಯೂಬ್ ಹರಿಯುತ್ತೆ, ರಿಮ್ ಹಾಳಾಗುತ್ತೆ.

ಟೈರ್ ತೆಗೆಯೋದು

ಗಾಡಿ ಸಮನಾದ ಗಟ್ಟಿ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ಇರಲಿ. ಮುಂದಿನ ಚಕ್ರ ಬಿಚ್ಚುವುದಾದ್ರೆ ಎಂಜಿನ್ ಕೆಳಗೆ ಮರದ ತುಂಡು ಕೊಡಿ. ಡಿಸ್ಕ್ ಬ್ರೇಕ್ ಇದ್ರೆ ಚಕ್ರ ಹೊರಗಿರುವಾಗ ಬ್ರೇಕ್ ಹಿಡಿಯಬೇಡಿ. ವಾಷರ್, ಬುಷ್ ಯಾವ ಕಡೆ ಇತ್ತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಟೈರಿನ ಅಂಚು ರಿಮ್‌ನಿಂದ ಬಿಡುವ ತನಕ ಸುತ್ತಲೂ ತುಳಿಯಿರಿ, ಡಿಸ್ಕ್ ಮೇಲೆ ಮಾತ್ರ ಭಾರ ಬೀಳಬಾರದು. ಅಂಚಿಗೆ ಸೋಪು ನೀರು ಸವರಿ. ಲಿವರ್ ಹಾಕುವಾಗ ಅದರ ಎದುರು ಬದಿಯ ಅಂಚನ್ನು ರಿಮ್ ನಡುವಿನ ತಗ್ಗಿಗೆ ಒತ್ತಿ ಹಿಡಿಯಿರಿ. ಇದೇ ಗುಟ್ಟು. ಹೀಗೆ ಮಾಡಿದ್ರೆ ಲಿವರ್ ಸಲೀಸಾಗಿ ಬರುತ್ತೆ, ಬರದಿದ್ರೆ ಬಲ ಹಾಕಬೇಡಿ, ಎದುರು ಬದಿ ಮತ್ತೆ ಒತ್ತಿ.

ಹೊಸ ಟೈರ್ ಹಾಕೋದು

ಟೈರ್ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗೋ ದಿಕ್ಕಿಗೆ ಇರಬೇಕು. ಹಳದಿ ಚುಕ್ಕೆ ಇದ್ರೆ ಅದು ಟೈರಿನ ಹಗುರ ಜಾಗ, ವಾಲ್ವ್ ಪಕ್ಕಕ್ಕೆ ಬರಲಿ. ಟ್ಯೂಬ್‌ಗೆ ದುಂಡಗಾಗುವಷ್ಟು ಸ್ವಲ್ಪ ಗಾಳಿ ಹಾಕಿಯೇ ಒಳಗೆ ಸೇರಿಸಿ. ನಾನು ಮೊದಲ ಸಲ ಖಾಲಿ ಟ್ಯೂಬ್ ಹಾಕಿ ಲಿವರ್ ಎತ್ತಿದ್ದೆ. ಹೊಸ ಟ್ಯೂಬ್‌ಗೆ ಎರಡು ತೂತು ಬಿತ್ತು, ಕೊನೆಗೆ ಚಕ್ರ ಹೊತ್ಕೊಂಡು ಪಂಕ್ಚರ್ ಅಂಗಡಿಗೇ ಹೋಗಬೇಕಾಯ್ತು.

ಗಾಳಿ ತುಂಬಿದ ಮೇಲೆ ಅಂಚಿನ ಪಕ್ಕದ ಗೆರೆ ರಿಮ್ ಸುತ್ತ ಎರಡೂ ಬದಿ ಒಂದೇ ಸಮ ಕಾಣಬೇಕು. ಟ್ಯೂಬ್‌ಲೆಸ್ ಟೈರ್ ಕೈ ಪಂಪ್‌ನಲ್ಲಿ ಕೂರೋದು ಕಷ್ಟ, ಕಂಪ್ರೆಸರ್ ಇರುವ ಕಡೆ ಒಯ್ಯಿರಿ. ಟೈರ್ ಮೇಲೆ ಬರೆದಿರುವ ಗರಿಷ್ಠ ಮಿತಿ ದಾಟಿಸಬೇಡಿ. ಆಮೇಲೆ ಗಾಡಿಯ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿ ಇರುವಷ್ಟು ಪಿಎಸ್ಐಗೆ ಇಳಿಸಿ.

ಬ್ಯಾಲೆನ್ಸ್ ಮಾಡೋದು

ಇದಕ್ಕೆ ಮೆಷಿನ್ನೇ ಬೇಕು ಅಂತಿಲ್ಲ. ಬ್ರೇಕ್ ಪ್ಲೇಟ್ ತೆಗೆದು, ಆಕ್ಸಲ್ ತೂರಿಸಿ, ಅದರ ಎರಡು ತುದಿಯನ್ನು ಒಂದೇ ಎತ್ತರದ ಎರಡು ಸ್ಟೂಲ್ ಮೇಲೆ ಇಡಿ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ನಿಂತಾಗ ಕೆಳಗಿರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೂರ್ನಾಲ್ಕು ಸಲವೂ ಅದೇ ಜಾಗ ಕೆಳಗೆ ಬಂದ್ರೆ ಅಲ್ಲಿ ಭಾರ ಜಾಸ್ತಿ. ಅದರ ನೇರ ಎದುರು ರಿಮ್‌ಗೆ 5 ಅಥವಾ 10 ಗ್ರಾಂ ತೂಕದ ಸ್ಟಿಕ್ಕರ್ ಅಂಟಿಸಿ ಮತ್ತೆ ನೋಡಿ. ಯಾವ ಕಡೆ ತಿರುಗಿಸಿ ಬಿಟ್ಟರೂ ಚಕ್ರ ಅಲ್ಲೇ ನಿಂತ್ರೆ ಬ್ಯಾಲೆನ್ಸ್ ಆಯ್ತು. ಕಡ್ಡಿ ರಿಮ್‌ಗೆ ಕಡ್ಡಿಗೆ ಕಚ್ಚಿಸೋ ತೂಕ ಸಿಗುತ್ತೆ.

50-60 ಗ್ರಾಂ ಹಾಕಿದ್ರೂ ಸರಿಹೋಗದಿದ್ರೆ ಟೈರ್ ಸರಿಯಾಗಿ ಕೂತಿಲ್ಲ ಅಥವಾ ರಿಮ್ ಬೆಂಡ್ ಆಗಿದೆ. ಬ್ಯಾಲೆನ್ಸ್ ಆದ್ಮೇಲೂ ಹ್ಯಾಂಡಲ್ ನಡುಗಿದ್ರೆ ಚಕ್ರದ ಬೇರಿಂಗ್, ಹ್ಯಾಂಡಲ್ ಕೋನ್ ಸೆಟ್ ತೋರಿಸಿ.

ವಾಪಸ್ ಹಾಕುವಾಗ ಮರೆಯಬೇಡಿ

* ಡ್ರಮ್ ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯೋ ರಾಡ್‌ನ ನಟ್ ಬಿಗಿ ಮಾಡಿ. ಇದು ಬಿಟ್ಟುಹೋದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಬಹುದು.
* ಆಕ್ಸಲ್ ನಟ್ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಇರಲಿ. ಪಿನ್ ಇದ್ರೆ ಹೊಸದೇ ಹಾಕಿ.
* ಚೈನ್ ಸಡಿಲ, ಬ್ರೇಕ್ ಎರಡೂ ಪರೀಕ್ಷೆ ಮಾಡಿ. ಡಿಸ್ಕ್ ಮೇಲೆ ಸೋಪು, ಎಣ್ಣೆ ಇರಬಾರದು.
* ಓಡಿಸುವ ಮುಂಚೆ ಡಿಸ್ಕ್ ಬ್ರೇಕ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಹಿಡಿದು ಬಿಡಿ.

ಹೊಸ ಟೈರ್ ಮೊದಲಿಗೆ ಜಾರುತ್ತೆ. ಮೊದಲ 100-150 ಕಿ.ಮೀ. ತಿರುವಿನಲ್ಲಿ ಗಾಡಿ ಹೆಚ್ಚು ವಾಲಿಸಬೇಡಿ. ಮರುದಿನ ಬೆಳಿಗ್ಗೆ ಗಾಳಿ ಇನ್ನೊಮ್ಮೆ ಚೆಕ್ ಮಾಡಿ.

ಹಿಂದಿನ ಚಕ್ರ ಬಿಚ್ಚೋಕೆ ಸೈಲೆನ್ಸರ್ ಕಳಚಬೇಕಾದ ಸ್ಕೂಟರ್, ಎಬಿಎಸ್ ಇರುವ ಬೈಕ್ ಆದ್ರೆ ಮೊದಲ ಸಲ ಮೆಕ್ಯಾನಿಕ್ ಹತ್ತಿರ ನಿಂತು ನೋಡಿ ಕಲಿಯಿರಿ. ಯಾವುದಾದ್ರೂ ನಟ್ ಬಿಗಿ ಮಾಡಿದ್ದೀನಾ ಇಲ್ವಾ ಅನ್ನೋ ಅನುಮಾನ ಬಂದ್ರೆ, ಅವತ್ತು ಗಾಡಿ ರಸ್ತೆಗೆ ಇಳಿಸಬೇಡಿ.