ಐದು ಡಾಲರ್ ದಂಡದ ಕತೆ

2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಬಂದ ಆಂಥ್ರಾಕ್ಸ್ ರೋಗಾಣುವಿಗೆ ಐವರು ಬಲಿಯಾದರು. ಮುಂದಿನ ದಾಳಿ ಸಿಡುಬಿನದ್ದಿರಬಹುದು ಎಂಬ ಭೀತಿ ಹಬ್ಬಿತು. ಆಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಗೋಸ್ಟಿನ್ ನೇತೃತ್ವದಲ್ಲಿ ರಾಜ್ಯಗಳಿಗಾಗಿ ಮಾದರಿ ತುರ್ತು ಆರೋಗ್ಯ ಕಾಯ್ದೆಯ ಕರಡು ಸಿದ್ಧವಾಯಿತು. ಅಕ್ಟೋಬರ್‌ನ ಮೊದಲ ಕರಡಿನಲ್ಲಿ ಲಸಿಕೆ ನಿರಾಕರಿಸುವುದೇ ಅಪರಾಧ. ಟೀಕೆಗಳ ಬಳಿಕ ಡಿಸೆಂಬರ್‌ನಲ್ಲಿ ಅದು ಪರಿಷ್ಕರಣೆಗೊಂಡಿತು. ಆದರೆ ನಿರಾಕರಿಸಿದವರನ್ನು ಕ್ವಾರಂಟೈನಿಗೆ ತಳ್ಳುವ ಅಧಿಕಾರ ಉಳಿಯಿತು.

ಗೋಸ್ಟಿನ್ ಸರ್ವಾಧಿಕಾರದ ವಕೀಲರೇನೂ ಅಲ್ಲ. ರಾಜ್ಯಗಳ ಆರೋಗ್ಯ ಕಾಯ್ದೆಗಳು ಹಳತಾಗಿವೆ, ಒಂದಕ್ಕೊಂದು ಹೊಂದುವುದಿಲ್ಲ ಎಂಬ ಅವರ ದೂರಿನಲ್ಲಿ ಹುರುಳಿತ್ತು. ಆದರೆ ಬೋಸ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಕಾನೂನು ವಿದ್ವಾಂಸ ಜಾರ್ಜ್ ಆ್ಯನಸ್ ಇದನ್ನು ಬಲವಾಗಿ ವಿರೋಧಿಸಿದರು. ಆರೋಗ್ಯವನ್ನೂ ಮಾನವ ಹಕ್ಕನ್ನೂ ಪರಸ್ಪರ ಶತ್ರುಗಳೆಂದು ಕಾಣುವುದೇ ತಪ್ಪು, ಜನರ ವಿಶ್ವಾಸವಿಲ್ಲದೆ ಯಾವ ಲಸಿಕಾ ಯೋಜನೆಯೂ ನಡೆಯದು ಎಂಬುದು ಅವರ ವಾದ.

ಈ ಜಗಳದ ನಡುವೆ ಮತ್ತೆ ಮತ್ತೆ ಸುಳಿದದ್ದು ಒಂದು ಹಳೆಯ ಮೊಕದ್ದಮೆ. 1902ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿ ಸಿಡುಬು ಹರಡಿದಾಗ ಸ್ವೀಡನ್ ಮೂಲದ ಪಾದ್ರಿ ಹೆನ್ನಿಂಗ್ ಜೇಕಬ್‌ಸನ್ ಲಸಿಕೆ ಹಾಕಿಸಿಕೊಳ್ಳಲಿಲ್ಲ. ಹಿಂದೊಮ್ಮೆ ಲಸಿಕೆಯಿಂದ ತಾನು ನರಳಿದ್ದೆ ಎಂಬುದು ಅವರ ಅಹವಾಲು. ದಂಡ ಐದು ಡಾಲರ್. 1905ರಲ್ಲಿ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಸರಕಾರದ ಪರ ತೀರ್ಪಿತ್ತಿತು. ಆದರೆ ನ್ಯಾಯಮೂರ್ತಿ ಹಾರ್ಲನ್ ಸರಕಾರಕ್ಕೆ ಬೇಲಿಯನ್ನೂ ಹಾಕಿದ್ದರು: ಕ್ರಮ ಮನಸೋ ಇಚ್ಛೆಯದ್ದಾಗಿರಬಾರದು, ಅಗತ್ಯ ಮೀರಬಾರದು. ಗಮನಿಸಿ, ಅಲ್ಲಿ ಯಾರನ್ನೂ ಹಿಡಿದು ಚುಚ್ಚಿರಲಿಲ್ಲ, ದಂಡ ಮಾತ್ರ ಕೇಳಲಾಗಿತ್ತು.

ಬೇಲಿಯನ್ನು ಬೇಗನೆ ಮರೆಯಲಾಯಿತು. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಯುವತಿಗೆ ಬಲವಂತದಿಂದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಲು ಅದೇ ಕೋರ್ಟ್ ಒಪ್ಪಿತು. ನ್ಯಾಯಮೂರ್ತಿ ಹೋಮ್ಸ್ ಆಧಾರವಾಗಿ ತೋರಿಸಿದ್ದು ಇದೇ ಜೇಕಬ್‌ಸನ್ ತೀರ್ಪನ್ನು! ಐದು ಡಾಲರ್ ದಂಡಕ್ಕೂ ಒಬ್ಬ ಹೆಣ್ಣಿನ ಗರ್ಭಕ್ಕೂ ಎತ್ತಣಿಂದೆತ್ತ ಸಂಬಂಧ? ಪ್ರಭುತ್ವಕ್ಕೆ ಒಂದು ಬೆರಳು ಕೊಟ್ಟರೆ ಅದು ಎಷ್ಟು ಬೇಗ ಮುಂಗೈಯನ್ನೇ ನುಂಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಡ. ಆ್ಯನಸ್‌ರಂಥವರ ಆತಂಕಕ್ಕೆ ಇಂಥ ಇತಿಹಾಸದ ಹಿನ್ನೆಲೆಯಿದೆ. ಅದನ್ನು ಲಸಿಕೆಯ ದ್ವೇಷವೆಂದು ಓದುವುದು ಅನ್ಯಾಯ.

ವಿಶ್ವಾಸದ ಪ್ರಶ್ನೆ ಬೇಗನೆ ಪರೀಕ್ಷೆಗೆ ಬಂತು. 2002ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಸಿಡುಬಿನ ಲಸಿಕಾ ಯೋಜನೆ ಘೋಷಿಸಿದರು. ಮೊದಲ ಗುರಿ ಸುಮಾರು 5 ಲಕ್ಷ ಆರೋಗ್ಯ ಸಿಬ್ಬಂದಿ. ಒತ್ತಾಯವಿರಲಿಲ್ಲ. ಅಡ್ಡ ಪರಿಣಾಮವಾದರೆ ಪರಿಹಾರವೇನು ಎಂಬುದಕ್ಕೆ ಆರಂಭದಲ್ಲಿ ಕಾನೂನೂ ಇರಲಿಲ್ಲ, ಅದು ಬಂದದ್ದು 2003ರ ಏಪ್ರಿಲ್‌ನಲ್ಲಿ. ಲಸಿಕೆ ಪಡೆದ ಕೆಲವರಲ್ಲಿ ಹೃದಯದ ಉರಿಯೂತವೂ ಕಂಡಿತು. ಕೊನೆಗೆ ಮುಂದೆ ಬಂದವರು 40 ಸಾವಿರದಷ್ಟು ಮಾತ್ರ. ಅವಿದ್ಯಾವಂತರು ಅಂಜಿದರು ಎನ್ನುವಂತಿಲ್ಲ, ಹಿಂಜರಿದವರು ವೈದ್ಯರು ಮತ್ತು ದಾದಿಯರು.

ಕೋವಿಡ್ ಕಾಲದಲ್ಲಿ ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ 2022ರ ಮೇ 2ರಂದು ಅದು, 21ನೇ ವಿಧಿಯನ್ವಯ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಹಿತಕ್ಕಾಗಿ ಸರಕಾರ ನಿರ್ಬಂಧ ಹೇರಬಹುದು, ಆದರೆ ಅವು ಅಪಾಯಕ್ಕೆ ತಕ್ಕಷ್ಟಿರಬೇಕು ಎಂದೂ ಹೇಳಿತು. ಲಸಿಕೆಯ ಅಡ್ಡ ಪರಿಣಾಮಗಳ ಮಾಹಿತಿಯನ್ನು ಸಾರ್ವಜನಿಕರ ಮುಂದಿಡಬೇಕೆಂದೂ ಸರಕಾರಕ್ಕೆ ಸೂಚಿಸಿತು.